ಕಾರಿನ ಸ್ಪೀಕರ್ ಪಾಡ್: ಕೈಕೆಲಸಕ್ಕೆ ಬೆಲೆ ಕಟ್ಟುವ ಬಗೆ

ವಾಹನಗಳ ಮಾರಾಟ ಹೆಚ್ಚಿದಂತೆ ಅವುಗಳನ್ನು ಆಶ್ರಯಿಸಿದ ಸಣ್ಣ ಉದ್ಯೋಗಗಳೂ ಬೆಳೆಯುವುದು ಸಹಜ. ಬಳ್ಳಾರಿ ನಗರದ ಕಾರು ಬಿಡಿಭಾಗಗಳ ಮಳಿಗೆಗಳಲ್ಲಿ ದೊರೆಯುವ ಸೀಟಿನ ಹೊದಿಕೆ, ಸ್ಟೀರಿಯೋ, ಸ್ಪೀಕರ್ ಮೊದಲಾದವು ಬಹುಪಾಲು ಹೊರಗಿನಿಂದ ಸಿದ್ಧವಾಗಿ ಬರುವ ಸರಕುಗಳು. ಇವುಗಳಲ್ಲಿ ವ್ಯಾಪಾರಿಗೆ ದಕ್ಕುವುದು ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ನಡುವಣ ಅಂತರ ಮಾತ್ರ. ಆದರೆ ಆಯಾ ಕಾರಿನ ಬಾಗಿಲಿಗೆ ಹೊಂದುವಂತೆ, ಗ್ರಾಹಕನ ಆಯ್ಕೆಯ ಸ್ಪೀಕರನ್ನು ಕೂರಿಸಲು ಫೈಬರ್‌ಗ್ಲಾಸ್‌ನಿಂದ ಮಾಡುವ ಗೂಡು, ಅಂದರೆ ಸ್ಪೀಕರ್ ಪಾಡ್, ಅಳತೆ ನೋಡಿ ಸ್ಥಳದಲ್ಲಿಯೇ ತಯಾರಾಗಬೇಕಾದ ವಸ್ತು. ಮನೆಯ ಹಿಂದಿನ ಒಂದು ಶೆಡ್ಡು, ಕೆಲವು ಕೈ ಉಪಕರಣಗಳು ಮತ್ತು ತಾಳ್ಮೆ ಇದ್ದರೆ ಈ ಕೆಲಸವನ್ನು ಆರಂಭಿಸಬಹುದು. ಆರಂಭಿಸುವುದು ಸುಲಭವಾದ ಇಂತಹ ಕಸುಬುಗಳಲ್ಲಿಯೇ ಲೆಕ್ಕ ತಪ್ಪುವುದು ಹೆಚ್ಚು. ಆದ್ದರಿಂದ ಇದರ ತಯಾರಿಕಾ ಕ್ರಮವನ್ನೂ ವೆಚ್ಚದ ಲೆಕ್ಕವನ್ನೂ ಒಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಣ್ಣ ಸಂಖ್ಯೆಗೆ ಒಗ್ಗುವ ವಸ್ತು

ಫೈಬರ್‌ಗ್ಲಾಸ್ ಎಂದರೆ ಗಾಜಿನ ನಾರಿನ ಹಾಸಿಗೆ ದ್ರವರೂಪದ ರೆಸಿನ್ ಹಚ್ಚಿ ಗಟ್ಟಿಗೊಳಿಸಿದ ವಸ್ತು. ಅಮೆರಿಕದ ಶೆವರ್ಲೆ ಸಂಸ್ಥೆಯು 1953ರಲ್ಲಿ ಕಾರ್ವೆಟ್ ಕಾರಿನ ಹೊರಮೈಯನ್ನು ಇದರಿಂದಲೇ ನಿರ್ಮಿಸಿತು. ಮೊದಲ ವರ್ಷ ತಯಾರಾದದ್ದು ಕೇವಲ 300 ಕಾರುಗಳು. ನಮ್ಮ ರಾಜ್ಯದಲ್ಲಿಯೂ ಇಂತಹ ಪ್ರಯತ್ನ ನಡೆದಿತ್ತು. ಬೆಂಗಳೂರಿನ ಸಿಪಾನಿ ಸಂಸ್ಥೆಯು ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿ 1982ರಲ್ಲಿ ಫೈಬರ್‌ಗ್ಲಾಸ್ ಹೊರಮೈಯ ಡಾಲ್ಫಿನ್ ಕಾರನ್ನು ಮಾರುಕಟ್ಟೆಗೆ ತಂದಿತು. 1983ರ ಡಿಸೆಂಬರ್‌ನಲ್ಲಿ ಉಕ್ಕಿನ ಹೊರಮೈಯ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಅದಕ್ಕೆ ಸರಿಸಾಟಿಯಾಗಿ ನಿಲ್ಲಲಿಲ್ಲ.

ಇದರ ಆರ್ಥಿಕ ತರ್ಕ ಸರಳವಾದುದು. ಉಕ್ಕಿನ ತಗಡನ್ನು ಒತ್ತುವ ಯಂತ್ರ ಮತ್ತು ಡೈಗಳಿಗೆ ಅಪಾರ ಬಂಡವಾಳ ಬೇಕು. ಲಕ್ಷಾಂತರ ಸಂಖ್ಯೆಯಲ್ಲಿ ತಯಾರಿಸಿದರೆ ಆ ಬಂಡವಾಳ ಹಂಚಿಹೋಗಿ ಒಂದೊಂದರ ವೆಚ್ಚ ಇಳಿಯುತ್ತದೆ. ಫೈಬರ್‌ಗ್ಲಾಸ್‌ಗೆ ಬಂಡವಾಳ ಅಲ್ಪ, ಆದರೆ ಪ್ರತಿಯೊಂದಕ್ಕೂ ಕೈಕೆಲಸದ ಸಮಯ ಅಧಿಕ. ಒಂದೇ ಕಾರಿಗೆ ಒಂದೇ ಜೋಡಿ ಪಾಡ್ ಮಾಡಲು ಯಾವ ದೊಡ್ಡ ಕಾರ್ಖಾನೆಯೂ ಮುಂದೆ ಬಾರದು. ಸಣ್ಣ ಕುಶಲಕರ್ಮಿಗೆ ಇರುವ ಅವಕಾಶ ಅದೇ. ಅವನ ವೆಚ್ಚದ ಮೂಲವೂ ಅದೇ.

ತಯಾರಿಕೆಯ ಕ್ರಮ

ಮೊದಲಿಗೆ ಬಾಗಿಲಿನ ಒಳಹಲಗೆಯನ್ನು ಬಿಚ್ಚಿ, ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಲ್ಯುಮಿನಿಯಂ ಹಾಳೆ ಹೊದಿಸಿ, ಮೇಣ ಸವರಲಾಗುತ್ತದೆ. ಅದರ ಮೇಲೆ ರೆಸಿನ್ ಮತ್ತು ಗಾಜಿನ ನಾರಿನ ಮ್ಯಾಟ್ ಹಚ್ಚಿ ಬಾಗಿಲಿನ ಆಕಾರದ ತಳವನ್ನು ಪಡೆಯಬೇಕು. ಬಳಿಕ ಸ್ಪೀಕರಿನ ಅಳತೆಗೆ ಪ್ಲೈವುಡ್ ಅಥವಾ ಎಂ.ಡಿ.ಎಫ್. ಉಂಗುರವನ್ನು ಕತ್ತರಿಸಿ, ಕೇಳುಗನ ಕಡೆಗೆ ತಿರುಗಿರುವಂತೆ ಮರದ ಕಡ್ಡಿಗಳ ಆಸರೆಯಿಂದ ತಳದ ಮೇಲೆ ನಿಲ್ಲಿಸಲಾಗುತ್ತದೆ. ಉಂಗುರದಿಂದ ತಳದವರೆಗೆ ಹಿಗ್ಗುವ ಹೆಣೆದ ಬಟ್ಟೆಯನ್ನು ಬಿಗಿಯಾಗಿ ಎಳೆದು ಅಂಟಿಸಿ, ಅದಕ್ಕೆ ರೆಸಿನ್ ಕುಡಿಸಿದರೆ ಪಾಡ್‌ನ ಆಕಾರ ಮೂಡುತ್ತದೆ. ಅದು ಗಟ್ಟಿಯಾದ ಮೇಲೆ ಒಳಗಿನಿಂದ ಎರಡು ಮೂರು ಪದರ ಮ್ಯಾಟ್ ಹಚ್ಚಿ ಬಲಪಡಿಸಬೇಕು. ಕೊನೆಗೆ ಪುಟ್ಟಿ, ಉಜ್ಜುವಿಕೆ, ಪ್ರೈಮರ್, ಬಣ್ಣ ಅಥವಾ ರೆಕ್ಸಿನ್ ಹೊದಿಕೆ.

ಗೋಡೆ ತೆಳುವಾದರೆ ಪಾಡ್ ತಾನೇ ಕಂಪಿಸಿ ಧ್ವನಿಯನ್ನು ಕೆಡಿಸುತ್ತದೆ. ಅಂಚಿನಲ್ಲಿ ಬಿರುಕು ಉಳಿದರೆ ಸ್ಪೀಕರಿನ ಹಿಂಬದಿಯ ಧ್ವನಿತರಂಗವು ಮುಂಬದಿಯದನ್ನು ಅಳಿಸಿ, ತಗ್ಗು ಸ್ವರಗಳು ಕ್ಷೀಣಿಸುತ್ತವೆ. ಮುಚ್ಚಿದ ಪಾಡ್ ಆದಲ್ಲಿ ಒಳಗಿನ ಗಾತ್ರ ಎಷ್ಟು ಲೀಟರ್ ಎಂಬುದೂ ಮುಖ್ಯ. ಅಂಕುಡೊಂಕು ಆಕಾರದ ಗಾತ್ರವನ್ನು ಸೂತ್ರದಿಂದ ಕಂಡುಹಿಡಿಯುವುದು ಕಷ್ಟ. ಸ್ಪೀಕರ್ ಕೂರಿಸುವ ಮೊದಲು ಪಾಡ್ ತುಂಬ ಸಿರುಗುಪ್ಪದ ಸೋನಾ ಮಸೂರಿ ಅಕ್ಕಿಯನ್ನು ಸುರಿದು, ಬಳಿಕ ಅದನ್ನು ಲೀಟರ್ ಪಾತ್ರೆಯಿಂದ ಅಳೆದು, ಸ್ಪೀಕರಿನ ಹಿಂಭಾಗ ಆಕ್ರಮಿಸುವಷ್ಟನ್ನು ಕಳೆದರೆ ಸಾಕು. ಈ ಕೆಲಸಕ್ಕೆ ಬಳಸಿದ ಅಕ್ಕಿಯನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದೆಂದು ಬೇರೆ ಹೇಳಬೇಕಿಲ್ಲ.

ಬಿಸಿಲು ಮತ್ತು ಆರೋಗ್ಯ

ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಎಂ.ಇ.ಕೆ.ಪಿ. ಎಂಬ ಹಾರ್ಡನರನ್ನು ಸಾಮಾನ್ಯವಾಗಿ ರೆಸಿನ್ ತೂಕದ ಶೇ. 1ರಿಂದ 2ರಷ್ಟು ಬೆರೆಸಲಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಅದೇ ಪ್ರಮಾಣ ಬೆರೆಸಿದರೆ ಮಿಶ್ರಣವು ಕೈಗೆತ್ತಿಕೊಳ್ಳುವಷ್ಟರಲ್ಲಿ ಹೆಪ್ಪುಗಟ್ಟಬಹುದು. ಹಾರ್ಡನರ್ ಪ್ರಮಾಣವನ್ನು ತಯಾರಕರು ಸೂಚಿಸಿದ ಕನಿಷ್ಠ ಮಿತಿಗೆ ಇಳಿಸುವುದು, ಸ್ವಲ್ಪ ಸ್ವಲ್ಪವೇ ಕಲಸುವುದು ಮತ್ತು ಮುಂಜಾನೆ ಕೆಲಸ ಮುಗಿಸುವುದು ವಿವೇಕ. ಡಬ್ಬದಲ್ಲಿ ಉಳಿದ ಮಿಶ್ರಣ ತಾನಾಗಿಯೇ ಕಾದು ಹೊಗೆಯಾಡುವುದುಂಟು. ಹಾರ್ಡನರನ್ನು ಕೋಬಾಲ್ಟ್ ವೇಗವರ್ಧಕದೊಡನೆ ನೇರವಾಗಿ ಎಂದಿಗೂ ಬೆರೆಸಬಾರದು, ಸ್ಫೋಟ ಸಂಭವಿಸಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ಣವಾಗಿ ಕಲಸಿ, ಅನಂತರವೇ ಹಾರ್ಡನರ್ ಸೇರಿಸಬೇಕು.

ರೆಸಿನ್‌ನಿಂದ ಹೊಮ್ಮುವ ಘಾಟು ಸ್ಟೈರೀನ್ ಎಂಬ ರಾಸಾಯನಿಕದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2018ರಲ್ಲಿ ಇದನ್ನು, ಮಾನವರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ 2ಎ ವರ್ಗಕ್ಕೆ ಸೇರಿಸಿದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ರೆಸಿನ್ ಹಚ್ಚುವಾಗ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್, ಉಜ್ಜುವಾಗ ಗಾಜಿನ ದೂಳನ್ನು ತಡೆಯುವ ಮಾಸ್ಕ್, ಜೊತೆಗೆ ಕನ್ನಡಕ ಮತ್ತು ಕೈಗವಸು ಅಗತ್ಯ. ಮಕ್ಕಳು ಓಡಾಡುವ ಪಡಸಾಲೆಯಲ್ಲಿ ಈ ಕೆಲಸ ಸಲ್ಲದು. ಗಾಳಿಯಾಡುವ ಪ್ರತ್ಯೇಕ ಶೆಡ್ಡು ಬೇಕು.

ಗಂಟೆಯ ಲೆಕ್ಕ

ಇನ್ನು ಬೆಲೆಯ ವಿಚಾರ. ತಿಳಿವಳಿಕೆಗಾಗಿ ಒಂದು ಊಹೆಯ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಜೋಡಿ ಪಾಡ್‌ಗೆ ರೆಸಿನ್, ಮ್ಯಾಟ್, ಪ್ಲೈವುಡ್, ಪುಟ್ಟಿ, ರೆಕ್ಸಿನ್ ಸೇರಿ ರೂ. 1,800 ತಗಲುತ್ತದೆ ಎಂದಿರಲಿ. ತಯಾರಕನು ರೂ. 3,000ಕ್ಕೆ ಮಾರಿ, ರೂ. 1,200 ಲಾಭ ಬಂತೆಂದು ಭಾವಿಸುತ್ತಾನೆ. ಆದರೆ ಕೈಗವಸು, ಕಾರ್ಟ್ರಿಜ್, ಉಜ್ಜುಕಾಗದ, ವಿದ್ಯುತ್ತಿಗೆ ರೂ. 250 ಮತ್ತು ಹತ್ತರಲ್ಲಿ ಒಂದು ಜೋಡಿ ಕೆಡಬಹುದೆಂಬ ಅಂದಾಜಿಗೆ ರೂ. 200 ಕಳೆದರೆ ಉಳಿಯುವುದು ರೂ. 750. ಜೋಡಿಗೆ 14 ಗಂಟೆ ದುಡಿಮೆ ಹಿಡಿದರೆ, ಗಂಟೆಗೆ ಸುಮಾರು ರೂ. 54, ಎಂಟು ಗಂಟೆಯ ದಿನಕ್ಕೆ ರೂ. 430ರ ಆಸುಪಾಸು. ಶೆಡ್ಡಿನ ಬಾಡಿಗೆ, ಉಪಕರಣಗಳ ಸವಕಳಿ ಇನ್ನೂ ಇದರಲ್ಲಿ ಸೇರಿಲ್ಲ. ಲಾಭವೆಂದು ಕರೆದದ್ದು ವಾಸ್ತವವಾಗಿ ಅವನ ಕೂಲಿ. ಅದೂ ಪೂರ್ಣ ಕೂಲಿಯಲ್ಲ.

ತನ್ನ ದುಡಿಮೆಗೆ ಗಂಟೆಗೆ ರೂ. 100 ಎಂದು ನಿಗದಿಪಡಿಸಿದರೆ, ಅದೇ ಜೋಡಿಯ ವೆಚ್ಚ ರೂ. 3,650 ಆಗುತ್ತದೆ. ಅದರ ಮೇಲೆ ಶೇ. 15 ಲಾಭ ಸೇರಿಸಿದರೆ ಬೆಲೆ ಸುಮಾರು ರೂ. 4,200. ಗ್ರಾಹಕನು ಒಪ್ಪದಿದ್ದಲ್ಲಿ ಬೆಲೆಯನ್ನು ಇಳಿಸುವುದಕ್ಕಿಂತ ಗಂಟೆಗಳನ್ನು ಇಳಿಸುವ ಮಾರ್ಗವನ್ನು ಹುಡುಕಬೇಕು.

ಆ ಮಾರ್ಗವೆಂದರೆ ಅಚ್ಚು. ಒಮ್ಮೆ ಮಾಡಿದ ಪಾಡ್‌ನಿಂದ ಅಚ್ಚು ತೆಗೆದಿಟ್ಟುಕೊಂಡರೆ, ಅದೇ ಮಾದರಿಯ ಮುಂದಿನ ಕಾರಿಗೆ ಬಟ್ಟೆ ಎಳೆಯುವ, ಪುಟ್ಟಿ ಉಜ್ಜುವ ಕೆಲಸ ಬಹುಪಾಲು ತಪ್ಪುತ್ತದೆ. ಅಚ್ಚಿಗೆ ರೂ. 3,000 ಸಾಮಗ್ರಿ ಮತ್ತು 20 ಗಂಟೆ ದುಡಿಮೆ, ಒಟ್ಟು ರೂ. 5,000 ಎಂದಿರಲಿ. ಜೋಡಿಯ ಸಮಯ 14ರಿಂದ 6 ಗಂಟೆಗೆ ಇಳಿದರೆ ಪ್ರತಿ ಜೋಡಿಗೆ ರೂ. 800 ಉಳಿತಾಯ. ಏಳನೆಯ ಜೋಡಿಯಲ್ಲಿ ಅಚ್ಚಿನ ವೆಚ್ಚ ತೀರುತ್ತದೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಓಡುವ ಕಾರಿನ ಮಾದರಿಗಳಿಗೆ ಮಾತ್ರ ಅಚ್ಚು ಮಾಡಿ, ಉಳಿದವಕ್ಕೆ ಗಂಟೆಯ ಲೆಕ್ಕದಲ್ಲಿ ಬೆಲೆ ಹೇಳುವುದು ಸೂಕ್ತ. ಇದಕ್ಕೆ ಬೇಕಾದುದು ಒಂದು ನೋಟ್‌ಬುಕ್: ಯಾವ ಕಾರು, ಎಷ್ಟು ಗಂಟೆ, ಎಷ್ಟು ಕಿಲೋ ರೆಸಿನ್.

ತೆರಿಗೆಯ ಕೆಲವು ಅಂಶಗಳು

ಸರಕು ಮಾತ್ರ ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು ರೂ. 40 ಲಕ್ಷ. ಆದರೆ ಗ್ರಾಹಕನ ವಸ್ತುವಿನ ಮೇಲೆ ಮಾಡುವ ಕೆಲಸವನ್ನು ಕಾನೂನು ಸೇವೆಯೆಂದು ಪರಿಗಣಿಸುತ್ತದೆ. ಪಾಡ್ ಮಾರುವುದರ ಜೊತೆಗೆ ಗ್ರಾಹಕನ ಬಾಗಿಲಿನ ಹಲಗೆಯನ್ನು ಮಾರ್ಪಡಿಸಿ ಕೂಲಿ ಪಡೆಯುವವರು ರೂ. 20 ಲಕ್ಷದ ಮಿತಿಯನ್ನು ಗಮನದಲ್ಲಿಡಬೇಕು. ಸಿರುಗುಪ್ಪದವರಿಗೆ ಇನ್ನೊಂದು ಎಚ್ಚರಿಕೆ: ನೆರೆಯ ಆದೋನಿಯ ಅಂಗಡಿಗೆ ಸರಕನ್ನು ಕಳುಹಿಸಿ ಮಾರಿದರೆ ಅದು ಅಂತರರಾಜ್ಯ ಮಾರಾಟ. ಅದಕ್ಕೆ ಮೇಲಿನ ಮಿತಿಯ ರಿಯಾಯಿತಿ ಇಲ್ಲ; ಕಾಂಪೊಸಿಷನ್ ಯೋಜನೆಯಲ್ಲಿ ಇರುವವರು ಅಂತಹ ಮಾರಾಟವನ್ನು ಮಾಡುವಂತೆಯೇ ಇಲ್ಲ.

ವಾಹನದ ಸುರಕ್ಷತೆ

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನಂತೆ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡು ಸಲ್ಲದು. ಬಾಗಿಲಿನ ಪಾಡ್‌ನಿಂದ ಸಾಮಾನ್ಯವಾಗಿ ಆ ವಿವರಗಳು ಬದಲಾಗವು. ಆದರೆ ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿ, ವಿಶೇಷವಾಗಿ ಕರ್ಟನ್ ಏರ್‌ಬ್ಯಾಗ್ ಇರುವ ಮುಂಗಂಬದ ಮೇಲೆ, ಪಾಡ್ ಕೂರಿಸಲೇಬಾರದು. ಕಿಟಕಿಯ ಗಾಜು ಕೆಳಗಿಳಿದಾಗ ಸ್ಪೀಕರಿನ ಅಯಸ್ಕಾಂತಕ್ಕೆ ತಗಲದಂತೆ ನೋಡಿಕೊಳ್ಳಬೇಕು. ಅಂಟನ್ನಷ್ಟೇ ನಂಬದೆ ಬೋಲ್ಟ್ ಹಾಕಿ ಬಿಗಿಯಬೇಕು. ಇನ್ನು ಧ್ವನಿಯ ಮಟ್ಟ: 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್.

ಮಳಿಗೆ ನಗರದಲ್ಲಿ, ತಯಾರಿಕೆ ಊರಿನಲ್ಲಿ

ಜೀನ್ಸ್ ಉಡುಪಿನ ಉದ್ಯಮದಲ್ಲಿ ಕತ್ತರಿಸುವುದು, ಹೊಲಿಯುವುದು, ತೊಳೆಯುವುದು ಬೇರೆ ಬೇರೆ ಸಣ್ಣ ಘಟಕಗಳಲ್ಲಿ ನಡೆಯುವ ಪದ್ಧತಿ ಬಳ್ಳಾರಿಗೆ ಹೊಸದಲ್ಲ. ಪಾಡ್ ತಯಾರಿಕೆಗೂ ಅದೇ ಪದ್ಧತಿ ಒಗ್ಗುತ್ತದೆ. ಕಾರು ಬರುವುದು ನಗರದ ಮಳಿಗೆಗೆ. ಅಚ್ಚು ಮತ್ತು ಶೆಡ್ಡು ಕುರುಗೋಡಿನಲ್ಲಿಯೋ ಸಿರುಗುಪ್ಪದಲ್ಲಿಯೋ ಇರಬಹುದು. ಮಳಿಗೆಯವರು ಕಾರಿನ ಮಾದರಿ, ಸ್ಪೀಕರಿನ ಅಳತೆ ಮತ್ತು ಬೆಲೆಯನ್ನು ಬರೆದುಕೊಟ್ಟು ಆದೇಶ ನೀಡಿದರೆ ಎರಡೂ ಕಡೆಯ ತಕರಾರುಗಳು ತಪ್ಪುತ್ತವೆ. ಟ್ರ್ಯಾಕ್ಟರಿಗೆ ಸಂಗೀತ ಜೋಡಿಸಿಕೊಳ್ಳುವ ರೈತರೂ ಗ್ರಾಹಕರಾಗಬಲ್ಲರು. ಮಳೆ, ಕೆಸರಿಗೆ ಎಂ.ಡಿ.ಎಫ್. ಪೆಟ್ಟಿಗೆ ಉಬ್ಬಿಹೋದರೆ ಫೈಬರ್‌ಗ್ಲಾಸ್ ಗೂಡು ಬಾಳುತ್ತದೆ.

ತಯಾರಕರು ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಬೇಕು, ಅದಕ್ಕೆ ಶುಲ್ಕವಿಲ್ಲ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ ಇಂತಹ ನೋಂದಾಯಿತ ಘಟಕಕ್ಕೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನಗಳಲ್ಲಿ, ಕರಾರಿಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಯಾಗಬೇಕು. 2024-25ರ ನಿರ್ಧಾರಣಾ ವರ್ಷದಿಂದ, ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಕೊಂಡವರು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ತಮ್ಮ ಆದಾಯದಿಂದ ವೆಚ್ಚವಾಗಿ ಕಳೆಯಲು ಸಾಧ್ಯ. ಹೀಗಾಗಿ ಮಾರ್ಚ್ ಅಂತ್ಯದೊಳಗೆ ಬಾಕಿ ತೀರಿಸುವುದು ಮಳಿಗೆಯವರಿಗೂ ಹಿತಕರ. ರೂ. 1,800ರ ಸಾಮಗ್ರಿಗೆ ಕೈಯಿಂದ ಹಣ ಹಾಕಿ, ಎರಡು ದಿನ ದುಡಿದವನಿಗೆ ಸಕಾಲದಲ್ಲಿ ಹಣ ಸಂದರೆ ಮುಂದಿನ ಡಬ್ಬ ರೆಸಿನ್‌ಗೆ ಅವನು ಸಾಲ ಮಾಡಬೇಕಾಗಿ ಬಾರದು. ಸದಸ್ಯ ಬಾಂಧವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ.