ಚೆನ್ನಾಗಿರುವಾಗಲೂ ಮಾತ್ರೆ ಏಕೆ?

“ಡಾಕ್ಟ್ರೇ, ಮಗ ಈಗ ಹುಷಾರಾಗಿದ್ದಾನೆ. ಆ ಮಾತ್ರೆ ನಿಲ್ಲಿಸಿ ನಿಮ್ಮ ಖಮೀರಾ ಕೊಡಬಹುದಲ್ಲ?” ಬೈಪೋಲಾರ್ ಕಾಯಿಲೆ ಇರುವವರ ಮನೆಯವರು ಹೀಗೆ ಕೇಳುವುದುಂಟು. ಯುನಾನಿ ವೈದ್ಯನಾಗಿಯೂ ನನ್ನ ಉತ್ತರ: ನಿಲ್ಲಿಸಬೇಡಿ.

ಈ ಕಾಯಿಲೆಯಲ್ಲಿ ಮನಸ್ಸು ಎರಡು ತುದಿಗಳಿಗೆ ಹೋಗುತ್ತದೆ. ಕೆಲವು ವಾರ ಯಾವುದೂ ಬೇಡವೆನಿಸುವ ಖಿನ್ನತೆ. ಇನ್ನೊಮ್ಮೆ ಉನ್ಮಾದ: ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ನಿಲ್ಲದ ಮಾತು, ಕೈಮೀರಿದ ಖರ್ಚು. ನಡುವೆ ತಿಂಗಳುಗಟ್ಟಲೆ ಎಲ್ಲರಂತೆಯೇ ಇರುತ್ತಾರೆ. ಮಾತ್ರೆ ತಪ್ಪುವುದು ಹೆಚ್ಚಾಗಿ ಆಗಲೇ.

ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಕ್ಲಿನಿಕಲ್ ಸೈಕಾಲಜಿ ಓದಿ, 1974ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದರು. ಕೆಲವೇ ತಿಂಗಳಲ್ಲಿ ತೀವ್ರ ಉನ್ಮಾದ ಅವರನ್ನು ಆವರಿಸಿತು. ಲಿಥಿಯಂ ಮಾತ್ರೆ ಶುರುವಾಯಿತು. ಆದರೆ ಸ್ವಲ್ಪ ಗುಣ ಕಂಡಾಗಲೆಲ್ಲ ಅದನ್ನು ನಿಲ್ಲಿಸಿದರು, ಕಾಯಿಲೆ ಮರಳಿತು, ಒಮ್ಮೆ ಪ್ರಾಣವೇ ಹೋಗುವುದರಲ್ಲಿತ್ತು. ಮುಂದೆ ತಪ್ಪದೆ ಔಷಧ ಸೇವಿಸುತ್ತ ಇದೇ ಕಾಯಿಲೆಯ ದೊಡ್ಡ ಸಂಶೋಧಕಿಯಾದರು. 1995ರಲ್ಲಿ ತಮ್ಮ ಕಥೆಯನ್ನು ಪುಸ್ತಕವಾಗಿ ಬರೆದರು. ಎಲ್ಲ ಬಲ್ಲವರೇ ಎಡವಿದರೆಂದ ಮೇಲೆ ನಮ್ಮ ಮಕ್ಕಳನ್ನು ಬೈಯುವುದು ಸರಿಯಲ್ಲ, ಜೊತೆಗಿದ್ದು ನೆನಪಿಸಬೇಕು.

ಇದು ಈಮಾನಿನ ಕೊರತೆಯೂ ಅಲ್ಲ. ಹತ್ತನೇ ಶತಮಾನದಲ್ಲೇ ಅಬೂ ಝೈದ್ ಅಲ್ ಬಲ್ಖಿ, ಕಾರಣ ತಿಳಿದ ದುಃಖವನ್ನೂ ಕಾರಣ ತಿಳಿಯದ ದುಃಖವನ್ನೂ ಬೇರ್ಪಡಿಸಿದ್ದರು. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ಔಷಧೋಪಚಾರ ಬೇಕು ಎಂದಿದ್ದರು.

ಲಿಥಿಯಂ ಸೇವಿಸುವವರು ರಮಝಾನ್‌ಗೆ ಮುಂಚೆಯೇ ಮನೋವೈದ್ಯರನ್ನು ಕಾಣಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ರಕ್ತಪರೀಕ್ಷೆ ನೋಡಿ, ಉಪವಾಸ ಹಿಡಿಯಬಹುದೇ, ಮಾತ್ರೆ ಯಾವಾಗ ಎಂದು ಅವರು ಹೇಳುತ್ತಾರೆ. ಬೇಡವೆಂದರೆ ಬಿಡಿ, ರೋಗಿಗೆ ರಿಯಾಯಿತಿ ಇದೆ. ಕೈ ಜೋರಾಗಿ ನಡುಗಿದರೆ, ವಾಂತಿ-ಭೇದಿಯಾದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ನೋವಿನ ಮಾತ್ರೆಯನ್ನಾಗಲಿ, ಮೂತ್ರ ಹೆಚ್ಚಿಸುವ ಯುನಾನಿ ಮದ್ದನ್ನಾಗಲಿ ಕೇಳದೆ ಕೊಡಬೇಡಿ. ನನ್ನಂಥವರ ಬಳಿ ಬಂದಾಗ ಸೇವಿಸುತ್ತಿರುವ ಮಾತ್ರೆಗಳ ಚೀಟಿ ತೋರಿಸಿ. ನಿದ್ದೆ, ಊಟ, ದಿನಚರಿಯ ಶಿಸ್ತಿನಲ್ಲಿ ನಾವು ನೆರವಾಗಬಲ್ಲೆವು. ಲಿಥಿಯಂಗೆ ಬದಲಿ ಕೊಡಲಾರೆವು.

ನಿದ್ದೆ ದಿಢೀರನೆ ಕಡಿಮೆಯಾದರೆ ಅದೇ ಮೊದಲ ಎಚ್ಚರಿಕೆ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು.