ಪ್ರಸಾದ: ಒಂದು ಪದ, ಹಲವು ಅರ್ಥ

ಸ್ಪ್ಯಾನಿಷ್ ಭಾಷೆಯ ‘ಗ್ರಾಸಿಯ’ ಎಂಬ ಪದಕ್ಕೆ ದೇವರ ವರಪ್ರಸಾದವೆಂದು ಅರ್ಥ. ನಡೆನುಡಿಯ ಸೊಗಸು, ಮಾತಿನ ಹಾಸ್ಯ, ಅಪರಾಧಿಗೆ ದೊರೆಯುವ ಕ್ಷಮಾದಾನ ಇವೂ ಅದರ ಅರ್ಥಗಳೇ. ಬಹುವಚನದ ‘ಗ್ರಾಸಿಯಾಸ್’ ಎಂದರೆ ಧನ್ಯವಾದ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಖಾರಿಸ್’ ಕೂಡ ಹೀಗೆಯೇ: ಲೂಕ 1:30ರಲ್ಲಿ ಅದು ದೇವರ ಒಲುಮೆ, ಲೂಕ 4:22ರಲ್ಲಿ ಯೇಸುಸ್ವಾಮಿಯ ಮಾತಿನ ಮಾಧುರ್ಯ, ರೋಮನರಿಗೆ 6:17ರಲ್ಲಿ ಕೃತಜ್ಞತೆ, 1 ಕೊರಿಂಥ 16:3ರಲ್ಲಿ ಜೆರುಸಲೇಮಿಗೆ ಕಳುಹಿಸುವ ಕಾಣಿಕೆ. ಸಂದರ್ಭವೇ ಅರ್ಥವನ್ನು ನಿರ್ಧರಿಸುತ್ತದೆ.

ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ‘ಪ್ರಸಾದ’. ಕದಡಿದ ನೀರು ತಿಳಿಯಾಗುವುದು ಅದರ ಮೂಲಭಾವ. ‘ಪ್ರಸನ್ನ’ವೂ ಅದೇ ಧಾತುವಿನಿಂದ ಬಂದುದು, ಹೊಳಲ್ಕೆರೆಯ ಪ್ರಸನ್ನ ಗಣಪತಿಯ ಹೆಸರಿನಲ್ಲಿ ಅದನ್ನು ಕಾಣುತ್ತೇವೆ. ಕಾವ್ಯಮೀಮಾಂಸೆಯಲ್ಲಿ ಪ್ರಸಾದವೆಂದರೆ ಅರ್ಥದ ತಿಳಿತನ. ಹಿರಿಯೂರಿನ ತೇರುಮಲ್ಲೇಶ್ವರನ ಸನ್ನಿಧಿಯಲ್ಲಿ ನೈವೇದ್ಯವಾದದ್ದು ಪ್ರಸಾದ. ಚಿತ್ರದುರ್ಗದ ಬಳಿಯ ಸಿರಿಗೆರೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂತಹ ಮಠಗಳ ಪರಂಪರೆಯಲ್ಲಿ ದಾಸೋಹದ ಊಟವೇ ಪ್ರಸಾದ. ಅಷ್ಟಾವರಣಗಳಲ್ಲಿ ಅದೊಂದು, ಷಟ್‌ಸ್ಥಲದಲ್ಲಿ ‘ಪ್ರಸಾದಿ’ ಮೂರನೆಯ ಸ್ಥಲ. ನಮ್ಮ ಧರ್ಮಸಭೆ ಇದೇ ಪದದಿಂದ ‘ವರಪ್ರಸಾದ’, ‘ಪರಮಪ್ರಸಾದ’ ಎಂಬ ಎರಡು ಪದಗಳನ್ನು ರೂಪಿಸಿಕೊಂಡಿದೆ.

ಈ ಸೀಮೆಯಲ್ಲಿ ಸೇವೆಗೆ ತೆರಳುವ ಯಾಜಕರು ಇದನ್ನು ಅರಿತಿರಬೇಕು. ಮದುವೆಯ ಅಥವಾ ಮರಣದ ಬಲಿಪೂಜೆಗೆ ನೆರೆಹೊರೆಯವರು ಬರುತ್ತಾರೆ. ‘ಪ್ರಸಾದ’ ಎಂಬ ಮಾತು ಕಿವಿಗೆ ಬಿದ್ದೊಡನೆ ಭಕ್ತಿಯಿಂದ ಕೈಯೊಡ್ಡಿ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರಸಾದವನ್ನು ಬೇಡವೆನ್ನಬಾರದು, ಯಾರಿಗೂ ಇಲ್ಲವೆನ್ನಬಾರದು ಎಂಬುದು ಅವರು ಬೆಳೆದು ಬಂದ ರೀತಿ. ವಿವರಣೆಯಿಲ್ಲದೆ ಅವರನ್ನು ಹಿಂದಕ್ಕೆ ಕಳುಹಿಸಿದರೆ ಅವರಿಗೆ ಕಾಣುವುದು ಸಂಸ್ಕಾರದ ನಿಯಮವಲ್ಲ, ಪಂಕ್ತಿಭೇದ. ಪಂಕ್ತಿಭೇದದ ನೋವನ್ನು ಉಂಡ ಜನರಿಗೆ ಅದು ಸಣ್ಣ ಗಾಯವಲ್ಲ.

ಹಾಗೆಂದು ನಿಯಮವನ್ನು ಸಡಿಲಿಸಲಾಗದು. ದೀಕ್ಷಾಸ್ನಾನ ಪಡೆಯದವರು ಇತರ ಸಂಸ್ಕಾರಗಳನ್ನು ಸಿಂಧುವಾಗಿ ಸ್ವೀಕರಿಸಲಾರರೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 842ನೆಯ ವಿಧಿ ಹೇಳುತ್ತದೆ. ಆದುದರಿಂದ ಸ್ವೀಕಾರಕ್ಕೆ ಮುನ್ನವೇ ಎರಡು ಮಾತು ಹೇಳುವುದು ಒಳಿತು: ವರಪ್ರಸಾದ ದೇವರು ಎಲ್ಲರಿಗಾಗಿ ತೋರುವ ಒಲುಮೆ, ಪರಮಪ್ರಸಾದ ಕ್ರಿಸ್ತರ ಶರೀರ, ದೀಕ್ಷಾಸ್ನಾನದಿಂದ ಅವರಲ್ಲಿ ಒಂದಾದವರ ಭೋಜನ. ಅತಿಥಿಗಳನ್ನು ಆಶೀರ್ವಾದಕ್ಕೆ ಕರೆಯೋಣ, ಪೂಜೆಯ ನಂತರದ ಊಟದಲ್ಲಿ ಅವರೊಡನೆ ಒಂದೇ ಪಂಕ್ತಿಯಲ್ಲಿ ಕೂರೋಣ. ಆಗ ನಮ್ಮ ಮಾತಿನ ಅರ್ಥ ಅವರಿಗೆ ತಿಳಿಯಾಗುತ್ತದೆ.