ಹೆರಿಗೆ ಆತು, ಸಕ್ಕರೆ ಹೋತು ಅನಬ್ಯಾಡ್ರಿ!

ಸೊಲ್ಲಾಪುರ: ‘ಬಸುರಿದ್ದಾಗ ಸಕ್ಕರೆ ಬಂದಿತ್ತು, ಹಡೆದ ಮ್ಯಾಲೆ ಹೋತು’. ಸೊಲ್ಲಾಪುರ, ಅಕ್ಕಲಕೋಟ ಭಾಗದ ಕನ್ನಡ ಮನೆಗಳಲ್ಲಿ ಕೇಳಿಬರುವ ಮಾತಿದು. ಆದರೆ ಹೋಗಿದ್ದು ಸಕ್ಕರೆ ಮಾತ್ರ, ಅಪಾಯ ಅಲ್ಲ!

ಗರ್ಭಿಣಿಯರಲ್ಲಿ ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತವೆ. ಅದಕ್ಕೆ ತಕ್ಕಷ್ಟು ಇನ್ಸುಲಿನ್ ತಯಾರಾಗದಿದ್ದರೆ ಸಕ್ಕರೆ ಏರುತ್ತದೆ. ಮಾಸು ಬಿದ್ದ ಮೇಲೆ ಇಳಿಯುತ್ತದೆ. ಆದರೆ ದೇಹದ ಆ ದುರ್ಬಲತೆ ಉಳಿದೇ ಇರುತ್ತದೆ.

ಮೈಸೂರಿನ ಪಾಠ

ಇದಕ್ಕೆ ಸಾಕ್ಷಿ ಮೈಸೂರಿನಲ್ಲಿಯೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಸಕ್ಕರೆ ಪರೀಕ್ಷೆ ನಡೆಸಿ, ಐದು ವರ್ಷಗಳ ನಂತರ ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಅದೇ ತಾಯಂದಿರನ್ನು ಮತ್ತೆ ಪರೀಕ್ಷಿಸಿದರು. ಬಸುರಿನಲ್ಲಿ ಸಕ್ಕರೆ ಕಂಡಿದ್ದವರ ಪೈಕಿ ಶೇ 37ರಷ್ಟು ಮಂದಿಗೆ ಮಧುಮೇಹ ಬಂದಿತ್ತು. ಉಳಿದವರಲ್ಲಿ ಕೇವಲ ಶೇ 2. 13 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಆಧರಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಈ ಅಪಾಯ ಸುಮಾರು ಹತ್ತು ಪಟ್ಟು ಎಂದಿದೆ.

ಬಾಣಂತನ ಇಲ್ಲಿ, ಸಂಸಾರ ಅಲ್ಲಿ

ಗಡಿಭಾಗದ ತೊಡಕೇ ಬೇರೆ. ಗಂಡನ ಮನಿ ಆಳಂದ, ಅಫಜಲಪುರ, ಇಂಡಿ. ಬಾಣಂತನಕ್ಕೆ ತವರು ಅಕ್ಕಲಕೋಟ. ಹೆರಿಗೆ ಕಾಗದಗಳು ತವರಿನ ಟ್ರಂಕಿನಲ್ಲೇ ಉಳಿದರೆ ಆ ಕಡೆಯ ಡಾಕ್ಟರಿಗೆ ವಿಷಯ ಗೊತ್ತಾಗುವುದೇ ಇಲ್ಲ.

ಹೆರಿಗೆಯಾಗಿ ಆರು ವಾರಕ್ಕೆ ತಾಯಿಗೆ ಮತ್ತೆ ಪರೀಕ್ಷೆ ಆಗಬೇಕು ಎನ್ನುತ್ತದೆ ಕೇಂದ್ರ ಸರ್ಕಾರದ ಮಾರ್ಗಸೂಚಿ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ನೀರು ಕುಡಿದು ಎರಡು ತಾಸಿಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಎರಡು ತಾಸಿನ ಲೆಕ್ಕ 140ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 140ರಿಂದ 199 ಎಚ್ಚರಿಕೆ ಗಂಟೆ. 200 ದಾಟಿದರೆ, ಇಲ್ಲವೇ ಖಾಲಿ ಹೊಟ್ಟೆಯಲ್ಲೇ 126 ಮುಟ್ಟಿದರೆ ಮಧುಮೇಹ. ಕೂಸಿಗೆ ಆರು ವಾರದ ಲಸಿಕೆ ಹಾಕಿಸುವ ಹೊತ್ತಿಗೇ ತಾಯಿಯ ಪರೀಕ್ಷೆಯನ್ನೂ ಮುಗಿಸಿಕೊಂಡರೆ ಮರೆಯುವ ಮಾತಿಲ್ಲ. ಫಲಿತಾಂಶ ಸರಿ ಬಂದರೂ ವರ್ಷಕ್ಕೊಮ್ಮೆ ನೋಡಿಸುವುದು ಒಳಿತು. ಆ ಚೀಟಿಗಳು ಬಾಣಂತಿಯ ಜೊತೆಗೇ ಗಂಡನ ಮನೆಗೆ ಹೋಗಬೇಕು.

ತಡೆಯಬಹುದು

ಎದೆಹಾಲು ಉಣಿಸುವುದು ಕೂಸಿಗಷ್ಟೇ ಅಲ್ಲ, ತಾಯಿಗೂ ರಕ್ಷಣೆ. ತೂಕ ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದರಿಂದ ಇಂಥ ಮಹಿಳೆಯರಲ್ಲಿ ಮಧುಮೇಹದ ಅಪಾಯ ಸುಮಾರು ಅರ್ಧಕ್ಕೆ ಇಳಿದದ್ದನ್ನು ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಸೊಲ್ಲಾಪುರದಲ್ಲಿ ದಿನವಿಡೀ ಕುಂತಲ್ಲೇ ಬೀಡಿ ಕಟ್ಟುವ ತಾಯಂದಿರಿಗೆ ಇದು ಇನ್ನೂ ಮುಖ್ಯ. ಜೋಳದ ರೊಟ್ಟಿ ಬಿಡಬೇಕಿಲ್ಲ, ಆದರೆ ಲೆಕ್ಕ ಇರಲಿ. ಕಾಳುಪಲ್ಯೆ, ಸೊಪ್ಪು ಹೆಚ್ಚಿರಲಿ. ಬಾಣಂತನ ಮುಗಿದ ಮೇಲೂ ಅಂಟಿನುಂಡಿ, ಸಿಹಿ ಚಹಾ ಮುಂದುವರಿಸುವುದು ಬೇಡ.

ರಕ್ತದೊತ್ತಡ, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ ಮೇಲೂ ಕಣ್ಣಿರಲಿ. ಸುತ್ತಳತೆ 80 ಸೆಂ.ಮೀ. ಒಳಗಿದ್ದರೆ ಚಲೋ. ಎರಡನೇ ಕೂಸಿನ ವಿಚಾರವಿದ್ದರೆ ಬಸುರಾಗುವ ಮೊದಲೇ ಸಕ್ಕರೆ ಪರೀಕ್ಷೆ ಮಾಡಿಸಿ, ಹಿಂದಿನ ಸಂಗತಿಯನ್ನು ಡಾಕ್ಟರಿಗೆ ತಿಳಿಸಬೇಕು. ಸೊಸೆಯನ್ನು ಪರೀಕ್ಷೆಗೆ ಕರೆದೊಯ್ಯುವ ಜವಾಬ್ದಾರಿ ಅತ್ತೆ, ಗಂಡನದೂ ಹೌದು.